ತಿಂಗಳ ಸಂಬಳ ಬೇಡ, ದಿನಗೂಲಿ ಕೊಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿ ಕೆಲಸಗಾರರ ಬದುಕಿನ ಬಗ್ಗೆ ನಾವೊಂದು ಪ್ರದರ್ಶನ ಮಾಡಿದ್ದೆವು. ಮೊದಲು ಬರೀ ಫೋಟೋ. ಬಂದವರು ‘ಅಯ್ಯೋ ಪಾಪ’ ಅಂದು ಮುಂದೆ ಹೋದರು. ‘ಇವರಿಗೆ ದುಡ್ಡು ಉಳಿಸೋಕೆ ಬರಲ್ಲ’ ಅಂದವರೂ ಇದ್ದರು.

ಸರಿ, ನೀವೇ ಉಳಿಸಿ ನೋಡಿ ಅಂತ ಆಟ ಮಾಡಿದೆವು. 5 ಡಬ್ಬ: ಬಾಡಿಗೆ, ಅಡುಗೆ, ಶಾಲೆ, ಔಷಧಿ, ಉಳಿತಾಯ. ತಿಂಗಳ ಸಂಬಳ ಒಟ್ಟಿಗೆ ಕೊಟ್ಟು, ಡಬ್ಬಗಳಿಗೆ ಹಂಚಿ ಅಂದೆವು. ದುಡ್ಡಿನ ಬದಲು ಸೇರಿನಲ್ಲಿ ಅಳೆದ ಮಂಡಕ್ಕಿ. ಫ್ಯಾನ್ ಹಾಕಿದ್ದೇ ತಡ, ತಿಂಗಳ ಸಂಬಳವೆಲ್ಲ ನೆಲದ ಮೇಲೆ! ಸುಮ್ನೆ ಹುಣಸೆ ಬೀಜಕ್ಕೆ ಬಂದೆವು.

ಆದರೂ ಎಲ್ಲರೂ ಗೆಲ್ಲುತ್ತಿದ್ದರು. ಯಾಕೆ ಅಂತ ಗೊತ್ತಾಗಿದ್ದು ಭಟ್ಟಿ ಕೆಲಸದ ಒಬ್ಬ ಅಮ್ಮನಿಂದ. ‘30 ದಿನದ್ದು ಒಟ್ಟಿಗೆ ನಮಗ್ಯಾರು ಕೊಡ್ತಾರೆ ಸರ್?’ ಅಂತ ನಕ್ಕರು.

ಮರುದಿನದಿಂದ ಬೀಜ ದಿನಗೂಲಿಯಾಯಿತು. ದಿನಕ್ಕೊಂದು ಚೀಟಿ ಎತ್ತಬೇಕು. ‘ಮೋಡ ಮುಚ್ಚಿದೆ’ ಅಂತ ಬಂದರೆ ಕೂಲಿ ಇಲ್ಲ. ಬೇಯಿಸಿದ ಭತ್ತ ಬಿಸಿಲಿಗೆ ಒಣಗಿದರೆ ತಾನೇ ಆಮೇಲೆ ಬಿಸಿ ಮರಳಿನಲ್ಲಿ ಹುರಿಯೋದು? ‘ಮಗುವಿಗೆ ಜ್ವರ’ ಬಂದರೆ ಔಷಧಿ ಡಬ್ಬಕ್ಕೆ 4 ಬೀಜ. ಇಲ್ಲದಿದ್ದರೆ ಕೈಸಾಲ, 4ಕ್ಕೆ 5 ವಾಪಸ್.

ಉಳಿಸೋಕೆ ಬರಲ್ಲ ಅಂದಿದ್ದವರೊಬ್ಬರು 11ನೇ ದಿನ ಶಾಲೆ ಡಬ್ಬದಿಂದ ಮೆಲ್ಲಗೆ ಬೀಜ ತೆಗೆದು ಬಾಡಿಗೆಗೆ ಹಾಕಿದರು. ಆಚೀಚೆ ನೋಡಿದರು. ನಾವು ನೋಡಿಯೂ ನೋಡದಂತೆ ಇದ್ದೆವು.

ಇಂಥ ಆಟ ಮಾಡುವವರು ಸ್ಟೀಲ್ ಡಬ್ಬ ಇಡಬೇಡಿ. ಗಾಜಿನ ಬಾಟಲಿ ಇಡಿ, ಖಾಲಿಯಾಗೋದು ಕಣ್ಣಿಗೆ ಕಾಣಬೇಕು.