ರಾಯಣ್ಣನ ಆಟ ಕೊನೆಗೂ ನಡೆಯಿತು

ಕಿತ್ತೂರಿನ ಸಂಗೊಳ್ಳಿ ರಾಯಣ್ಣ ಕುಂಪಣಿಯ (ಈಸ್ಟ್ ಇಂಡಿಯಾ ಕಂಪನಿ) ವಿರುದ್ಧ ಅಡಗಿಕೊಂಡು ಕಾದಾಡಿದ್ದರ ಮೇಲೆ ನಾನೊಂದು ಬೋರ್ಡ್ ಗೇಮ್ ಮಾಡಿದ್ದೇನೆ. ಬಲ ಸಮ ಇಲ್ಲದ ಆಟವನ್ನು ಯಾರೂ ಎರಡನೇ ಸಲ ಆಡುವುದಿಲ್ಲ ಎಂದು ನಮ್ಮ ಬೋರ್ಡ್ ಗೇಮ್ ಬಳಗದವರೆಲ್ಲ ಹೇಳಿದ್ದರು. ಈಗ ಅವರೇ ಭಾನುವಾರ ಬಂದು "ಇವತ್ತು ರಾಯಣ್ಣ ನಾನು" ಎಂದು ಜಗಳ ಆಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

1824ರ ಕಿತ್ತೂರು ಕದನವನ್ನೇ ಆಟ ಮಾಡು ಎಂದವರು ಜಾಸ್ತಿ. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಕೋಟೆ, ಫಿರಂಗಿ, ಎಲ್ಲ ಇದೆ ನಿಜ. ಆದರೆ ಅದು ಎದುರುಬದುರು ಯುದ್ಧ. ಡಿಸೆಂಬರ್‌ನಲ್ಲಿ ಕುಂಪಣಿ ದೊಡ್ಡ ಸೈನ್ಯ ತಂದಿತು, ಕೋಟೆ ಹೋಯಿತು. ಮುಂದೆ ಸಂಗೊಳ್ಳಿ ರಾಯಣ್ಣ ಹಾಗೆ ಎದುರು ನಿಲ್ಲಲಿಲ್ಲ. ಬೀಡಿ ಎಂಬ ಊರಿನ ಸರ್ಕಾರಿ ಕಚೇರಿ ಸುಟ್ಟ, ಖಜಾನೆ ದೋಚಿದ, ಕಾಡು ಸೇರಿದ. ನನಗೆ ಬೇಕಿದ್ದದ್ದು ಅದು.

ಮೊದಲ ಆವೃತ್ತಿಯಲ್ಲಿ ಕುಂಪಣಿಗೆ ಮೂವತ್ತು ಚಿಲ್ಲರೆ ಕಾಯಿ, ರಾಯಣ್ಣನಿಗೆ ಎಂಟೋ ಒಂಬತ್ತೋ. ದಾಳ ಉರುಳಿಸಿ ಕಾದಾಟ. ಕಾಲು ಗಂಟೆಯಲ್ಲಿ ರಾಯಣ್ಣ ಮುಗಿದು ಹೋಗುತ್ತಿದ್ದ. ದಾಳಕ್ಕೆ ಎರಡು ಅಂಕ ಸೇರಿಸಿ ಕೊಟ್ಟೆ. ಆಗ ಅವನು ಒಬ್ಬನೇ ಪಲ್ಟಣ ಹೊಡೆದುರುಳಿಸುವ ಸಿನಿಮಾ ಹೀರೋ ಆದ.

ಕೊನೆಗೆ ಕಾದಾಟಕ್ಕೆ ಅಂಕವನ್ನೇ ತೆಗೆದುಹಾಕಿದೆ. ರಾಯಣ್ಣನ ಕಾಯಿ ಬೋರ್ಡ್ ಮೇಲೆ ಇಡಲಿಲ್ಲ, ಎಲ್ಲಿದ್ದಾನೆಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಕುಂಪಣಿ ಬೀಡಿ, ಸಂಪಗಾವಿ, ನಂದಗಡ ಎಲ್ಲ ಕಡೆ ಕಾವಲು ಇಡಬೇಕು, ಪ್ರತಿ ಸುತ್ತಿಗೂ ಸಂಬಳ ಕೊಡಬೇಕು. ದುಡ್ಡು ಸಾಲದೆ ಕಂದಾಯ ಏರಿಸಿದರೆ ಆ ಊರು ರಾಯಣ್ಣನಿಗೆ ಊಟ ಹಾಕುತ್ತದೆ. ಇನಾಮು ಭೂಮಿ ಕಿತ್ತುಕೊಂಡರೆ ಅವನಿಗೆ ಹೊಸ ಜೊತೆಗಾರರು. ಮುಂಗಾರು ಬರುವವರೆಗೆ ಸಿಕ್ಕಿಬೀಳದಿದ್ದರೆ ಅವನದೇ ಗೆಲುವು. ಈಗ ಹತ್ತರಲ್ಲಿ ನಾಲ್ಕೈದು ಸಲ ಗೆಲ್ಲುತ್ತಾನೆ.

ಹಾಗಾದರೆ ಕುಂಪಣಿ ಗೆಲ್ಲುವುದು ಹೇಗೆ? 1830ರ ಏಪ್ರಿಲ್‌ನಲ್ಲಿ ಗೆದ್ದ ಹಾಗೇ. ಅವನು ರಣದಲ್ಲಿ ಸೋತು ಸಿಗಲಿಲ್ಲ, ನಂಬಿದವರೇ ಹಿಡಿದುಕೊಟ್ಟರು. ಆಟದಲ್ಲಿ ಅದಕ್ಕೊಂದು ಬೇಹಿನ ಎಲೆ (ಕಾರ್ಡ್) ಇದೆ. ಅದನ್ನು ಎಲೆಗಳ ಕಟ್ಟಿನಲ್ಲಿ ಎಲ್ಲಿ ಸೇರಿಸಬೇಕು ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಅದನ್ನು ಮಾತ್ರ ಹೇಳಲ್ಲ, ಡಬ್ಬಿ ಮಾರಾಟಕ್ಕೆ ಬರಲಿ.

ದುಡ್ಡಿನ ಕಥೆ ಬೇರೆ. ಮೊದಲ ಕಂತಿನ ಗಟ್ಟಿ ಬೋರ್ಡಿಗೆ ಹದಿನೈದು ಸಾವಿರದ ಹತ್ತಿರ ಹೋಯಿತು. ಪ್ರೆಸ್‌ನವರು ಮಡಿಕೆಯನ್ನು ನಂದಗಡದ ಮೇಲೇ ಹಾಕಿಬಿಟ್ಟರು, ಊರು ಎರಡು ಹೋಳು. ವಾಪಸ್ ಏನೂ ಬರಲಿಲ್ಲ. ಆಮೇಲೆ ಮದುವೆ ಬ್ಯಾನರ್ ಹೊಡೆಯುವ ಫ್ಲೆಕ್ಸ್ ಅಂಗಡಿಗೆ ಹೋದೆ. ಒಂದಕ್ಕೆ ಇನ್ನೂರು, ಇನ್ನೂರೈವತ್ತು ಇರಬೇಕು. ಸುತ್ತಿ ಬ್ಯಾಗಿಗೆ ಹಾಕಬಹುದು, ಚಹಾ ಚೆಲ್ಲಿದರೂ ಒರೆಸಬಹುದು. ಕಾಯಿಗಳಿಗೆ ಅಂಗಿ ಗುಂಡಿ, ಕುಂಪಣಿಗೆ ಕೆಂಪು.

ನಡುವೆ ಇದೇ ನಿಯಮಗಳನ್ನು ಅಹ್ಮದ್‌ನಗರದ ನಿಜಾಮಶಾಹಿಯ ಸೇನಾಪತಿ ಮಲಿಕ್ ಅಂಬರ್ ಮೇಲೆ ಪ್ರಯೋಗ ಮಾಡಿದೆ. 1624ರ ಭಾತವಡಿಯಲ್ಲಿ ಅವನು ಕೆರೆ ಒಡೆದು ಮೊಘಲ್ ಮತ್ತು ಬಿಜಾಪುರದ ಸೈನ್ಯವನ್ನು ಕೆಸರಲ್ಲಿ ಸಿಕ್ಕಿಸಿದ್ದ ಅಲ್ವಾ, ಆ ಕೆರೆಗೊಂದು ಎಲೆ ಮಾಡಿ ಬಹಳ ಖುಷಿಪಟ್ಟೆ. ಆಟ ಮಾತ್ರ ಕುಂಟಿತು. ಅಂಬರನ ಬರ್ಗಿಗಳು, ಅಂದರೆ ಹಗುರ ಮರಾಠಾ ಕುದುರೆ ಸವಾರರು, ಮೇವು, ದವಸ ಎಲ್ಲ ತಡೆದರೆ ಮೊಘಲ್ ಆಡುವವನಿಗೆ ಸುಮ್ನೆ ಕೂತು ಹಸಿಯುವುದೇ ಕೆಲಸ. ಗೆಳೆಯನೊಬ್ಬ ಅರ್ಧದಲ್ಲೇ ಎದ್ದು ಮೊಬೈಲ್ ಹಿಡಿದ. ಅದನ್ನು ಬದಿಗಿಟ್ಟೆ. ಮೇವಿನ ಗಾಡಿಯ ನಿಯಮವನ್ನಷ್ಟೇ ರಾಯಣ್ಣನ ಆಟಕ್ಕೆ ತಂದೆ. ಈಗ ಕುಂಪಣಿಯ ಕುದುರೆ ಪಡೆ ಗಾಡಿ ಬಿಟ್ಟು ಎರಡು ಊರು ದಾಟುವಂತಿಲ್ಲ, ಕುಂಪಣಿ ಆಡುವವರು ಜಾಸ್ತಿ ಬೈಯುವುದೂ ಅದಕ್ಕೇ.