ಸಿಟಿ ವಿಟೆಕ್ ಬ್ಲಾಕ್‌ಗೆ ಹದಿನಾರು ಸ್ಕ್ರೂ

ನನ್ನ ಹಳೇ ಹೋಂಡಾ ಸಿಟಿ ವಿಟೆಕ್‌ಗೆ ಟರ್ಬೊ ಕೂಡಿಸಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ರೇಡಿಯೇಟರ್ ಹೋಸ್ ಹಿಚುಕಿ ನೋಡಿದೆ. ಇಂಜಿನ್ ಇನ್ನೂ ತಣ್ಣಗಿತ್ತು, ಹೋಸ್ ಆಗಲೇ ಶಹಾಬಾದ್ ಕಲ್ಲು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಮುಚ್ಚಳಕ್ಕೂ (ಹೆಡ್) ನಡುವಿನ ಸೀಲು ಹೋಗಿ, ಸಿಲಿಂಡರ್ ಒಳಗಿನ ಗ್ಯಾಸ್ ನೀರಿಗೆ ನುಗ್ಗುತ್ತಿತ್ತು. ಹೊಸದು ಹಾಕಿದೆ. ಮೂರು ವಾರಕ್ಕೆ ಅದೂ ಹೋಯಿತು.

ಗ್ಯಾಸ್ಕೆಟ್‌ಗೆ ಬೈದು ಏನು ಬಂತು? ಈ ಡಿ15ಬಿ ಇಂಜಿನ್ 1493 ಸಿಸಿ, ಕಂಪನಿ ಕೊಟ್ಟದ್ದು 106 ಎಚ್‌ಪಿ. ನಾನು ಅದರ ಎರಡರಷ್ಟು ಕೇಳುತ್ತಿದ್ದೆ. ಬ್ಲಾಕ್ ಅಲ್ಯೂಮಿನಿಯಂ, ಒಳಗೆ ಬೀಡು ಕಬ್ಬಿಣದ ತೆಳು ಸ್ಲೀವ್ (ಸಿಲಿಂಡರ್‌ನ ಒಳಗೋಡೆ), ಮೇಲೆ ಓಪನ್ ಡೆಕ್, ಅಂದರೆ ಹೆಡ್ ಕೂರುವ ಮುಖ ತೆರೆದೇ ಇರುತ್ತದೆ. ಹೆಡ್ ಬಿಚ್ಚಿ ನೋಡಿದರೆ ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಸುತ್ತಲೂ ನೀರಿನ ಕಾಲುವೆ. ಮೇಲ್ತುದಿಗೆ ಯಾವ ಆಸರೆಯೂ ಇಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಬೋರ್ (ಸಿಲಿಂಡರ್‌ನ ಒಳ ವ್ಯಾಸ) 75 ಮಿಮೀ, ಅಂದರೆ ಪಿಸ್ಟನ್ ತಲೆ 44 ಚದರ ಸೆಂಟಿಮೀಟರ್. ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಗಾಳಿ ಒತ್ತಿ ತುಂಬುವಾಗ, ಒಳಗಿನ ಒತ್ತಡ 100 ಬಾರ್ ಮುಟ್ಟಿತು ಅಂತಿಟ್ಟುಕೊಳ್ಳಿ. ಒಂದೊಂದು ಏಟಿಗೂ ನಾಲ್ಕೂವರೆ ಟನ್ ಹತ್ತಿರ ಆಯಿತು. ಟ್ರಾಲಿ ತುಂಬ ತೊಗರಿ ಚೀಲದ ಭಾರ! ಪಿಸ್ಟನ್‌ಗೆ ಕೂಡಿದ ರಾಡ್ ಓರೆಯಾಗಿದ್ದಾಗ ಅದರಲ್ಲೊಂದು ಪಾಲು ಪಕ್ಕದ ಗೋಡೆಗೆ ಬೀಳುತ್ತದೆ. 6000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್‌ಗೂ ನಿಮಿಷಕ್ಕೆ 3000 ಸಲ. ಸಿಲಿಂಡರ್ ತುದಿ ಕೂದಲೆಳೆಯಷ್ಟು ಆಚೀಚೆ ಅಲ್ಲಾಡಿದರೂ ಸಾಕು, ಗ್ಯಾಸ್ಕೆಟ್ ಸವೆದು ಹೋಗುತ್ತದೆ.

ಮೊದಲು ಬ್ಲಾಕ್ ಗಾರ್ಡ್ ತರಿಸಿದೆ. ಆ ನೀರಿನ ಕಾಲುವೆಯ ಬಾಯಿಗೆ ಕೂರುವ ಅಲ್ಯೂಮಿನಿಯಂ ತುಂಡು ಅದು. ಬೋರ್ ಹೋನಿಂಗ್ (ಒಳಗೋಡೆಯನ್ನು ಉಜ್ಜುಗಲ್ಲಿನಿಂದ ಗುಂಡಗೆ, ನಯ ಮಾಡುವುದು) ಮುಗಿಸಿ, ಮನೆಗೆ ತಂದು, ನಾನೇ ಮರದ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಬಿಗಿಯಾಗಿ ಕೂತಿತು, ಖುಷಿಪಟ್ಟೆ. 400 ಕಿಲೋಮೀಟರ್ ಓಡುವಷ್ಟರಲ್ಲಿ ಎರಡನೇ ಪಿಸ್ಟನ್ ಗೋಡೆಗೆ ಉಜ್ಜಿ ಗೀರುಬಿತ್ತು.

ಬ್ಲಾಕ್ ಹೊತ್ತುಕೊಂಡು, ಇಂಜಿನ್ ಸಿಲಿಂಡರ್ ಕೊರೆಯುವ ಚಾಚಾನ ಬೋರಿಂಗ್ ಅಂಗಡಿಗೆ ಹೋದೆ. ಕಲಬುರಗಿಯ ಕಪನೂರ ಕಡೆ ಅವರದು ಹಳೇ ಅಂಗಡಿ. ಬರುವುದೆಲ್ಲ ಟ್ರ್ಯಾಕ್ಟರ್, ಲಾರಿ ಬ್ಲಾಕ್. ಚಾಚಾ ಬೋರ್ ಒಳಗೆ ಡಯಲ್ ಗೇಜ್ (ಮುಳ್ಳಿನ ಅಳತೆ ಯಂತ್ರ) ಇಳಿಸಿ ತಿರುಗಿಸಿದರು. ಮೇಲ್ತುದಿಯಲ್ಲಿ ಮುಳ್ಳು 0.05 ಮಿಮೀ ಓಡಿತು.

"ಬೇಟಾ, ಬ್ಲಾಕ್ ಎಲ್ಲಿ ಮುರದದ ತೋರ್ಸು? ಬೋರ್ ಗುಂಡಗ ಉಳದಿಲ್ಲ, ಅಷ್ಟೇ. ಬಡದು ಕೂಡ್ಸಿದ ಮ್ಯಾಲ ಹೋನ್ ಮಾಡ್ಬೇಕಿತ್ತು."

ಹೌದಲ್ವಾ? ಇಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ. ಗಾರ್ಡ್‌ಗೆ ಇನ್ನೊಂದು ತೊಂದರೆಯೂ ಇದೆ. ಎಲ್ಲಕ್ಕಿಂತ ಜಾಸ್ತಿ ಕಾಯುವ ಜಾಗದಲ್ಲೇ ಅದು ನೀರಿಗೆ ಅಡ್ಡ ನಿಲ್ಲುತ್ತದೆ. ಮೇನಲ್ಲಿ 42, 43 ಡಿಗ್ರಿ ಬಿಸಿಲು ಕಾಣುವ ಊರಿದು. ಅದನ್ನು ಕಿತ್ತುಹಾಕಿದೆ.

ಗೆಳೆಯರದು ಇನ್ನೊಂದೇ ಸಲಹೆ: "ಸೇಡಂ ಸಿಮೆಂಟ್ ಹಾಕಿಬಿಡ್ರಿ." ತಮಾಷೆಗೆ ಅಂದರೂ ಪೂರ್ತಿ ಸುಳ್ಳಲ್ಲ. ಡ್ರ್ಯಾಗ್ ಓಡಿಸುವವರು ನೀರಿನ ಕಾಲುವೆಗೆ ಕುಗ್ಗದ ಜಾತಿಯ ಗ್ರೌಟ್ ಸುರಿದು ಗಟ್ಟಿ ಮಾಡುತ್ತಾರೆ. ಅವರ ಓಟ ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತದೆ, ನಾನು ಮಧ್ಯಾಹ್ನ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ನಿಲ್ಲಬೇಕು. ಅರ್ಧ ತುಂಬಿಸಿದರೂ ಕೆಳಗಿನ ಬಿಸಿ ಆಯಿಲ್‌ಗೆ ಹೋಗುತ್ತದೆ. ಅಲ್ಲಾಡುವ ಮೇಲ್ತುದಿಗೆ ಅದರಿಂದ ಸಿಗುವ ಆಸರೆಯೂ ಕಡಿಮೆ. ಎಲ್ಲಕ್ಕಿಂತ ಒಳ್ಳೆಯದು ಹಳೇ ಸ್ಲೀವ್ ಕೊರೆದು ತೆಗೆದು, ಅಂಚು ಇರುವ ಡಕ್ಟೈಲ್ ಐರನ್ ಸ್ಲೀವ್ ಕೂರಿಸುವುದು. ಅಂಚುಗಳು ಸೇರಿ ಡೆಕ್ಕೇ ಮುಚ್ಚುತ್ತದೆ. 300 ಎಚ್‌ಪಿ ಬೇಕಿದ್ದರೆ ಅದನ್ನೇ ಮಾಡಿ. ನನ್ನ ಗುರಿ 220, ಜೇಬೂ ಅಷ್ಟಕ್ಕಷ್ಟೇ.

ಕೊನೆಗೆ ಪಿನ್ ಹಾಕಿಸಿದೆ. ಬ್ಲಾಕ್‌ನ ಹೊರಗೋಡೆಗೆ ತೂತು ಕೊರೆದು, ಟ್ಯಾಪ್ ಹೊಡೆದು ಥ್ರೆಡ್ ಮಾಡಿ, ಸ್ಕ್ರೂ ಹಾಕಿ ಅದರ ಮೂತಿ ಸಿಲಿಂಡರ್ ಗೋಡೆಗೆ ತಾಗಿಸುವುದು. ಪ್ರತಿ ಸಿಲಿಂಡರ್‌ಗೆ ಮುಂದೆ ಎರಡು, ಹಿಂದೆ ಎರಡು, ಒಟ್ಟು ಹದಿನಾರು. ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಆ ದಿಕ್ಕಿನಲ್ಲಿ ಆಸರೆ ಬೇಕಿಲ್ಲ, ಪಿಸ್ಟನ್ ಒದೆಯುವ ದಿಕ್ಕಿಗೆ ಸಾಕು.

ಈ ಕೆಲಸಕ್ಕೆ ಚಾಚಾ ಇಡೀ ದಿನ ತೆಗೆದುಕೊಂಡರು. ಬೋರ್ ಒಳಗೆ ಗೇಜ್ ಇಟ್ಟು ಮುಳ್ಳನ್ನು ಸೊನ್ನೆಗೆ ತಂದರು. ಎಡಗಣ್ಣು ಮುಳ್ಳಿನ ಮೇಲೆ, ಬಲಗೈ ಅಲೆನ್ ಕೀ ಮೇಲೆ. ಮುಳ್ಳು ಮಿಸುಕಿದ ಕೂಡಲೇ ಕೈ ನಿಲ್ಲಿಸಿ, ಕೂದಲಷ್ಟು ಹಿಂದೆ ತಿರುಗಿಸಿ, ಎದುರಿನ ಸ್ಕ್ರೂಗೆ ಹೋಗುತ್ತಿದ್ದರು. ಬಿಗಿ ಮಾಡಿದಷ್ಟೂ ಗಟ್ಟಿ ಅಂತ ನಾನು ತಿಳಿದಿದ್ದೆ. ಬಿಗಿ ಮಾಡಿದರೆ ಬೋರ್ ಸೊಟ್ಟ. ಬರೀ ತಾಗಿರಬೇಕು. ಆಮೇಲೆ ಥ್ರೆಡ್ ಸೀಲಂಟ್ ಹಾಕಿ ಲಾಕ್ ಮಾಡಿ, ನೀರು ಸೋರುತ್ತಾ ಅಂತ ಪ್ರೆಶರ್ ಟೆಸ್ಟ್.

ಇನ್ನು ಟಾರ್ಕ್ ಪ್ಲೇಟ್. ಹೆಡ್ ಬಿಗಿ ಮಾಡಿದಾಗ ಅದನ್ನು ಹಿಡಿಯುವ ಸ್ಟಡ್‌ಗಳು (ತಲೆ ಇಲ್ಲದ ಬೋಲ್ಟ್) ಬ್ಲಾಕನ್ನು ಮೇಲಕ್ಕೆ ಎಳೆಯುತ್ತವೆ, ಬೋರ್ ಆಕಾರ ಬದಲಾಗುತ್ತದೆ. ಅದಕ್ಕೆ ಹೆಡ್ ಜಾಗದಲ್ಲಿ ದಪ್ಪ ಪ್ಲೇಟ್ ಬಿಗಿದು ಹೋನ್ ಮಾಡಬೇಕು. ಗುಜರಿಯಲ್ಲಿ 50 ಮಿಮೀ ದಪ್ಪದ ಕಬ್ಬಿಣ ಸಿಕ್ಕಿತು, ಚಾಚಾ ನಾಲ್ಕು ಬೋರ್‌ಗೂ ಸ್ಟಡ್‌ಗಳಿಗೂ ತೂತು ಕೊರೆದರು. ಗಾಡಿಗೆ ಹಾಕುವ ಅದೇ ಹೊಸ ಸ್ಟಡ್, ಅದೇ ಜಾತಿಯ ಗ್ಯಾಸ್ಕೆಟ್, ಅದೇ ಟಾರ್ಕ್ (ಬಿಗಿಯುವ ಬಲ). ಬೋರ್ 75.5ಕ್ಕೆ ಹೋಯಿತು. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ 0.08 ಮಿಮೀ ಸಂದು ಬಿಟ್ಟೆವು. ಮುಂಜಾನೆ ಸ್ವಲ್ಪ ಕಟಕಟ ಅನ್ನುತ್ತದೆ, ಕಾದ ಮೇಲೆ ಸುಮ್ಮನಾಗುತ್ತದೆ.

ರಾಡ್ ಫೋರ್ಜ್ಡ್ ಹಾಕಿದೆ, ಇಲ್ಲವಾದರೆ ಬ್ಲಾಕ್ ಉಳಿದು ರಾಡ್ ಹೊರಗೆ ಬರುತ್ತದೆ. ಕೆಳಗೆ ಕ್ರ್ಯಾಂಕ್ ಹಿಡಿಯುವ ಮೇನ್ ಸ್ಟಡ್ ಬದಲಿಸಿದ್ದರಿಂದ ಲೈನ್ ಹೋನಿಂಗ್ (ಕ್ರ್ಯಾಂಕ್ ಕೂರುವ ತೂತುಗಳನ್ನು ಒಂದೇ ಸಾಲಿಗೆ ತರುವುದು) ಆಗಬೇಕಿತ್ತು. ಅದಕ್ಕೂ, ಡೆಕ್ ಸಮ ಮಾಡುವ ಫೇಸಿಂಗ್‌ಗೂ ಬ್ಲಾಕನ್ನು ಬೋರ್ ಹೋನಿಂಗ್‌ಗೆ ಮೊದಲೇ ಹೈದರಾಬಾದ್‌ಗೆ ಒಯ್ದಿದ್ದೆ. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ಡೆಕ್ ಕನ್ನಡಿಯಂತಿರಬೇಕು. ಟ್ರ್ಯಾಕ್ಟರ್ ಲೆಕ್ಕದ ಫಿನಿಶ್ ಮೇಲೆ ಉಗುರು ಎಳೆದರೆ ಗೀರು ಸಿಗುತ್ತದೆ, ಅದು ನಡೆಯಲ್ಲ.

ಇಷ್ಟೆಲ್ಲ ಮಾಡಿದರೂ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಬಂದರೆ ಯಾವ ಬ್ಲಾಕೂ ತಡೆಯಲ್ಲ. 95 ಆಕ್ಟೇನ್ ಪೆಟ್ರೋಲ್ ಹಾಕುತ್ತೇನೆ. ಏಪ್ರಿಲ್, ಮೇನಲ್ಲಿ ಬೂಸ್ಟ್ 0.5 ಬಾರ್‌ಗೆ ಇಳಿಸುತ್ತೇನೆ. ಅಂದಹಾಗೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾಯಿಸುವುದರ ಬಗ್ಗೆಯೇ ಇದೆ, ಕೆಲಸಕ್ಕೆ ಕೈಹಾಕುವ ಮೊದಲು ಓದಿಕೊಳ್ಳಿ.

ಪಿನ್ ಹಾಕಿಸಿದ ಮೇಲೆ ಗಾಡಿ 14,000 ಕಿಲೋಮೀಟರ್ ಓಡಿದೆ, ಗ್ಯಾಸ್ಕೆಟ್ ಮುಟ್ಟಿಲ್ಲ. ಆ ಪ್ಲೇಟ್ ಈಗಲೂ ಚಾಚಾನ ಅಂಗಡಿಯಲ್ಲೇ ಇದೆ, ಅದರ ಮೇಲೆ ಚಹಾ ಲೋಟ ಇಡುತ್ತಾರೆ. ಡಿ15 ಬ್ಲಾಕ್ ಇದ್ದವರು ಹೋಗಿ ಕೇಳಬಹುದು. ಸ್ಟಡ್ ಮಾತ್ರ ನಿಮ್ಮವೇ ಒಯ್ಯಿರಿ.