ಆರೋಪ ಹೊತ್ತ ಅಮೆರಿಕದ ಅಧ್ಯಕ್ಷರ ಮೇಲೆ ಮಹಾಭಿಯೋಗ ಬೇಕೇ? ತೂಗಿ ನೋಡುವ ಕ್ರಮ

ಕನ್ನಡ ಪತ್ರಿಕೆಗಳು ಇದನ್ನು ಹೆಚ್ಚಾಗಿ ‘ವಾಗ್ದಂಡನೆ’ ಎಂದು ಬರೆಯುತ್ತವೆ. ಅರ್ಧ ಗೊಂದಲ ಅಲ್ಲಿಂದಲೇ ಶುರು. ಆ ಪದ ಕೇಳಿದವರಿಗೆ ಅಧ್ಯಕ್ಷರನ್ನು ಕರೆಸಿ ನಾಲ್ಕು ಮಾತು ಬೈದು ಕಳಿಸಿದಂತೆ ತೋರುತ್ತದೆ. ಇನ್ನು ಕೆಲವರು ಮಹಾಭಿಯೋಗ ಆಯಿತೆಂದರೆ ಅಧ್ಯಕ್ಷರು ಮನೆಗೆ ಹೋದರು ಎಂದೇ ತಿಳಿಯುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಅದು ಆರೋಪಪಟ್ಟಿ ಸಲ್ಲಿಸುವ ಕೆಲಸ, ಅಷ್ಟೆ. 435 ಸದಸ್ಯರ ಪ್ರತಿನಿಧಿಗಳ ಸಭೆ (ಮುಂದೆ ‘ಹೌಸ್’ ಎನ್ನೋಣ) ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ. 100 ಸದಸ್ಯರ ಸೆನೆಟ್ ವಿಚಾರಣೆ ನಡೆಸುತ್ತದೆ. ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಜನ ‘ದೋಷಿ’ ಎಂದರೆ ಮಾತ್ರ ಕುರ್ಚಿ ಹೋಗುತ್ತದೆ. ಇಲ್ಲಿಯವರೆಗೆ ಮೂವರು ಅಧ್ಯಕ್ಷರ ಮೇಲೆ ನಾಲ್ಕು ಸಲ ಮಹಾಭಿಯೋಗ ಆಗಿದೆ: ಆಂಡ್ರೂ ಜಾನ್ಸನ್ (1868), ಬಿಲ್ ಕ್ಲಿಂಟನ್ (1998), ಡೊನಾಲ್ಡ್ ಟ್ರಂಪ್ (2019 ಮತ್ತು 2021). ಸೆನೆಟ್ ಯಾರನ್ನೂ ಇಳಿಸಿಲ್ಲ. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದ ರಿಚರ್ಡ್ ನಿಕ್ಸನ್ 1974ರಲ್ಲಿ ಹೌಸ್ ಮತ ಹಾಕುವ ಮೊದಲೇ ರಾಜೀನಾಮೆ ಕೊಟ್ಟು ಹೋದರು.

ಹಾಗಾದರೆ ಅಧ್ಯಕ್ಷರ ಮೇಲೆ ಅಪರಾಧದ ಆರೋಪ ಬಂದಾಗ ಮಹಾಭಿಯೋಗ ಬೇಕು ಅಥವಾ ಬೇಡ ಎಂದು ನಿರ್ಧರಿಸುವುದು ಹೇಗೆ? ಅಲ್ಲಿ ಮತ ಹಾಕುವ ಕನ್ನಡಿಗರಿಗೂ ಇಲ್ಲಿ ಕೂತು ವಾದ ಮಾಡುವವರಿಗೂ ಕ್ರಮ ಒಂದೇ.

ಮೊದಲು ಆರೋಪಗಳನ್ನು ಬೇರ್ಪಡಿಸಿ

ಸುದ್ದಿಯಲ್ಲಿ ಆರೋಪಗಳು ರಾಶಿಯಾಗಿ ಬೀಳುತ್ತವೆ. ಲಂಚ, ತೆರಿಗೆ, ಸುಳ್ಳು ಪ್ರಮಾಣ, ಸಾಕ್ಷ್ಯನಾಶ, ಹಳೆಯ ವ್ಯವಹಾರ ಎಲ್ಲವೂ ಒಂದೇ ಚೀಲದಲ್ಲಿರುತ್ತವೆ. ಒಂದೊಂದನ್ನೂ ಹೊರತೆಗೆದು ಒಂದೇ ಪ್ರಶ್ನೆ ಕೇಳಿ: ಈ ಕೆಲಸವನ್ನು ಅಧ್ಯಕ್ಷರಲ್ಲದ ಸಾಮಾನ್ಯ ಪ್ರಜೆ ಮಾಡಲು ಸಾಧ್ಯವಿತ್ತೇ? ತನಿಖಾ ಸಂಸ್ಥೆಗೆ ‘ಈ ಕಡತ ಮುಚ್ಚಿ’ ಎಂದು ಆದೇಶಿಸುವುದು, ಸರ್ಕಾರದ ಹಣ ತಡೆಹಿಡಿದು ಸ್ವಂತ ಲಾಭ ಕೇಳುವುದು, ಇವು ಅಧಿಕಾರ ಇದ್ದವರಿಗೆ ಮಾತ್ರ ಸಾಧ್ಯ. ಇಂಥವು ಮೊದಲ ಗುಡ್ಡೆಗೆ. ಚುನಾವಣೆ ಗೆಲ್ಲಲು ಅಥವಾ ಅಧಿಕಾರ ಉಳಿಸಿಕೊಳ್ಳಲು ಮಾಡಿದ ಅಕ್ರಮ ಎರಡನೆಯದು. ಅಧಿಕಾರದಲ್ಲಿದ್ದಾಗ ಮಾಡಿದ ಖಾಸಗಿ ಅಪರಾಧ ಮೂರನೆಯದು. ಅಧಿಕಾರಕ್ಕೆ ಬರುವ ಮೊದಲಿನದು ಕೊನೆಯ ಗುಡ್ಡೆ. ಮೇಲಿನಿಂದ ಕೆಳಗೆ ಬಂದಂತೆ ಮಹಾಭಿಯೋಗದ ಸಮರ್ಥನೆ ತೆಳುವಾಗುತ್ತದೆ.

ಈ ವಿಂಗಡಣೆ ಎಷ್ಟು ಮುಖ್ಯ ಎಂಬುದಕ್ಕೆ ನಿಕ್ಸನ್ ಪ್ರಕರಣವೇ ಪಾಠ. 1974ರ ಜುಲೈನಲ್ಲಿ ಹೌಸ್‌ನ ನ್ಯಾಯಾಂಗ ಸಮಿತಿಯ ಮುಂದೆ ಐದು ಆರೋಪಗಳಿದ್ದವು. ನ್ಯಾಯಕ್ಕೆ ಅಡ್ಡಿ ಎಂಬ ಆರೋಪ 27–11ರಿಂದ, ಅಧಿಕಾರ ದುರುಪಯೋಗ 28–10ರಿಂದ, ಸಮಿತಿಯ ಸಮನ್ಸ್ ಧಿಕ್ಕರಿಸಿದ್ದು 21–17ರಿಂದ ಅಂಗೀಕಾರವಾದವು. ಬಿದ್ದುಹೋದ ಎರಡರಲ್ಲಿ ಒಂದು ತೆರಿಗೆ ವಂಚನೆಯ ಆರೋಪ, 12–26ರಿಂದ. ತೆರಿಗೆ ವಂಚನೆ ಅಪರಾಧವಲ್ಲ ಎಂದು ಯಾರೂ ಹೇಳಲಿಲ್ಲ. ಅದು ಅಧ್ಯಕ್ಷಗಿರಿಯ ದುರ್ಬಳಕೆ ಅಲ್ಲ ಎಂದು ಹಲವರು ಕಂಡರು, ಸಾಕ್ಷ್ಯ ಸಾಲದು ಎಂದರು ಇನ್ನು ಕೆಲವರು.

‘ಅಪರಾಧ’ ಎಂಬ ಪದಕ್ಕೆ ಜೋತು ಬೀಳಬೇಡಿ

ಸಂವಿಧಾನದ ಮಾತು ಇಷ್ಟೇ: ರಾಜದ್ರೋಹ, ಲಂಚ, ಅಥವಾ ಇತರ ‘ಘನ ಅಪರಾಧ ಮತ್ತು ದುರ್ನಡತೆ’. ಈ ಕೊನೆಯ ತುಂಡು ಹುಟ್ಟಿದ್ದು 1787ರ ಸೆಪ್ಟೆಂಬರ್ 8ರಂದು, ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ. ರಾಜದ್ರೋಹ, ಲಂಚ ಎರಡೇ ಸಾಲದು, ‘ದುರಾಡಳಿತ’ವನ್ನೂ ಸೇರಿಸಿ ಎಂದರು ಜಾರ್ಜ್ ಮೇಸನ್. ಅಷ್ಟು ಸಡಿಲವಾದ ಪದ ಇಟ್ಟರೆ ಸೆನೆಟ್‌ಗೆ ಇಷ್ಟವಿರುವಷ್ಟು ದಿನ ಮಾತ್ರ ಅಧ್ಯಕ್ಷಗಿರಿ ಎಂದಾಗುತ್ತದೆ ಎಂದು ಜೇಮ್ಸ್ ಮ್ಯಾಡಿಸನ್ ತಕರಾರು ತೆಗೆದರು. ಮೇಸನ್ ಆ ಪದ ಬಿಟ್ಟು ಈಗಿನದನ್ನು ಸೂಚಿಸಿದರು. ಹಾಗಾಗಿ ಕೆಟ್ಟ ಆಡಳಿತ, ತಪ್ಪು ನೀತಿ, ಒರಟು ಮಾತು ಇವುಗಳಿಗೆಲ್ಲ ಮಹಾಭಿಯೋಗ ಎಂದರೆ ನೆಗಡಿ ಬಂತೆಂದು ಮೂಗು ಕೊಯ್ದಂತೆ.

ಆದರೆ ದಂಡಸಂಹಿತೆಯ ಸೆಕ್ಷನ್ ತೋರಿಸಲೇಬೇಕು ಎಂಬ ವಾದವೂ ನಿಲ್ಲುವುದಿಲ್ಲ. ಸಂವಿಧಾನ ಬರೆದ ದಿನ ಒಕ್ಕೂಟಕ್ಕೆ (ಅಂದರೆ ಕೇಂದ್ರ ಸರ್ಕಾರಕ್ಕೆ) ಒಂದು ದಂಡಸಂಹಿತೆಯೇ ಇರಲಿಲ್ಲ. ಸಾರ್ವಜನಿಕ ನಂಬಿಕೆಗೆ ಬಗೆದ ದ್ರೋಹವೇ ಇಲ್ಲಿನ ವಸ್ತು ಎಂದು ಅದೇ ಸಂವಿಧಾನ ಸಭೆಯಲ್ಲಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಬರೆದಿದ್ದರು. ಹೌಸ್‌ನ ಬಹುಮತ ಯಾವುದನ್ನು ಮಹಾಭಿಯೋಗಕ್ಕೆ ತಕ್ಕ ತಪ್ಪು ಎನ್ನುತ್ತದೋ ಅದೇ ತಪ್ಪು ಎಂಬರ್ಥದ ಮಾತನ್ನು ಆಗ ಹೌಸ್ ಸದಸ್ಯರಾಗಿದ್ದ, ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ 1970ರಲ್ಲಿ ಆಡಿದರು. ಮತ ಎಣಿಸುವವರ ಮಟ್ಟಿಗೆ ಅದು ನಿಜ. ಸರಿ-ತಪ್ಪು ತೂಗುವವರಿಗೆ ಅದರಿಂದ ಉಪಯೋಗವಿಲ್ಲ.

ಸೆಕ್ಷನ್ ಹಿಡಿದುಕೊಂಡು ಹೊರಟರೆ ಏನಾಗುತ್ತದೆ ಎಂಬುದನ್ನು 1868ರಲ್ಲಿ ನೋಡಿ. ಸೆನೆಟ್ ಒಪ್ಪಿಗೆ ಇಲ್ಲದೆ ಅಧಿಕಾರಿಗಳನ್ನು ವಜಾ ಮಾಡಬಾರದು ಎಂಬ ಕಾನೂನನ್ನು ಆಗಷ್ಟೇ ಮಾಡಿದ್ದರು. ಜಾನ್ಸನ್ ಫೆಬ್ರವರಿ 21ರಂದು ಯುದ್ಧ ಕಾರ್ಯದರ್ಶಿ (ನಮ್ಮ ಸಚಿವರಿಗೆ ಸಮನಾದ ಹುದ್ದೆ) ಎಡ್ವಿನ್ ಸ್ಟಾಂಟನ್‌ರನ್ನು ತೆಗೆದರು. ಮೂರೇ ದಿನಕ್ಕೆ ಹೌಸ್ 126–47ರಿಂದ ಮಹಾಭಿಯೋಗ ಹೊರಿಸಿತು. ಆರೋಪಗಳನ್ನು ಬರೆದದ್ದು ಆಮೇಲೆ! 11 ಆರೋಪಗಳಲ್ಲಿ ಬಹುಪಾಲು ಆ ಒಂದು ವಜಾದ ಸುತ್ತಲೇ. ಆದರೆ ಸ್ಟಾಂಟನ್ ಹಿಂದಿನ ಅಧ್ಯಕ್ಷ ಲಿಂಕನ್ ನೇಮಿಸಿದವರು. ನೇಮಿಸಿದ ಅಧ್ಯಕ್ಷರ ಅವಧಿ ಮತ್ತು ಅದರ ನಂತರದ ಒಂದು ತಿಂಗಳು ಮಾತ್ರ ಕಾರ್ಯದರ್ಶಿಗೆ ರಕ್ಷಣೆ ಎಂದು ಕಾನೂನಿನಲ್ಲಿತ್ತು. ಅಂದರೆ ಸ್ಟಾಂಟನ್‌ಗೆ ಆ ರಕ್ಷಣೆ ಇತ್ತೋ ಇಲ್ಲವೋ ಎಂಬುದೇ ವಿವಾದವಾಯಿತು. ಸೆನೆಟ್‌ನಲ್ಲಿ 35–19; ಬೇಕಿದ್ದದ್ದು 36. 1887ರಲ್ಲಿ ಆ ಕಾನೂನು ರದ್ದಾಯಿತು, 1926ರಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ಸರಿಹೊಂದುತ್ತಿರಲಿಲ್ಲ ಎಂದೂ ಹೇಳಿತು. ಜಾನ್ಸನ್ ಮೇಲೆ ಹೊರಿಸಬಹುದಾದ ದೊಡ್ಡ ದೂರುಗಳಿದ್ದವು. ಹೌಸ್ ಸೋತದ್ದು ಸಣ್ಣ ದೂರಿನ ಮೇಲೆ.

ಬೇರೆ ದಾರಿ ಇದೆಯೇ?

ಮಹಾಭಿಯೋಗದ ಉದ್ದೇಶ ಶಿಕ್ಷೆ ಕೊಡುವುದಲ್ಲ. ಸೆನೆಟ್ ಜೈಲಿಗೆ ಕಳಿಸಲಾರದು, ದಂಡ ಹಾಕಲಾರದು. ಪದಚ್ಯುತಿ ಮತ್ತು ಮುಂದಿನ ಅನರ್ಹತೆ, ಎರಡೇ ಅದರ ಕೈಯಲ್ಲಿರುವುದು. ಆದ್ದರಿಂದ ಪ್ರತಿ ಆರೋಪದ ಪಕ್ಕದಲ್ಲಿ ಬರೆದುಕೊಳ್ಳಿ: ಇದಕ್ಕೆ ಕೋರ್ಟ್ ಸಾಕೇ, ಚುನಾವಣೆ ಸಾಕೇ, ಅಥವಾ ಈ ವ್ಯಕ್ತಿ ಇನ್ನೂ ಅಲ್ಲಿ ಕೂತಿರುವುದೇ ಅಪಾಯವೇ?

ಕೋರ್ಟಿನ ದಾರಿ ಮೇಲ್ನೋಟಕ್ಕೆ ಕಾಣುವಷ್ಟು ಅಗಲವಿಲ್ಲ. ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಒಕ್ಕೂಟದ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ ಎಂದು ನ್ಯಾಯ ಇಲಾಖೆ 1973ರಲ್ಲಿ ಹೇಳಿ, 2000ದಲ್ಲಿ ಅದನ್ನೇ ಮತ್ತೆ ಖಚಿತಪಡಿಸಿತು. 2024ರ ಜುಲೈ 1ರಂದು ಸುಪ್ರೀಂ ಕೋರ್ಟ್ 6–3ರ ತೀರ್ಪಿನಲ್ಲಿ ಇನ್ನೂ ಮುಂದೆ ಹೋಯಿತು: ಸಂವಿಧಾನ ನೇರವಾಗಿ ಕೊಟ್ಟ ಮೂಲ ಅಧಿಕಾರಗಳ ಬಳಕೆಗೆ ಪೂರ್ಣ ರಕ್ಷಣೆ, ಇತರ ಅಧಿಕೃತ ಕೆಲಸಗಳಿಗೆ ಕನಿಷ್ಠ ‘ಇದೆ’ ಎಂದೇ ಮೊದಲು ಊಹಿಸಿಕೊಳ್ಳುವ ರಕ್ಷಣೆ, ಖಾಸಗಿ ಕೆಲಸಗಳಿಗೆ ಏನೂ ಇಲ್ಲ. ಈಗ ಮೇಲಿನ ಗುಡ್ಡೆಗಳನ್ನು ಮತ್ತೆ ನೋಡಿ. ಮೊದಲ ಗುಡ್ಡೆಯಲ್ಲಿ ನಾವು ಹಾಕಿದ ಅಧಿಕಾರ ದುರುಪಯೋಗದ ಆರೋಪಗಳಿಗೇ ಕೋರ್ಟಿನ ಬಾಗಿಲು ಹೆಚ್ಚು ಮುಚ್ಚಿದೆ. ಖಾಸಗಿ ಅಪರಾಧ ಕೋರ್ಟಿಗಾಗಿ ಕಾಯಬಹುದು; ಆದರೆ ಒಕ್ಕೂಟದ ಬಹುತೇಕ ಅಪರಾಧಗಳಿಗೆ ಮೊಕದ್ದಮೆ ಹೂಡುವ ಗಡುವು 5 ವರ್ಷ, ಅಧ್ಯಕ್ಷರ ಅವಧಿ 4 ವರ್ಷ ಎಂಬುದನ್ನು ಮರೆಯಬೇಡಿ. ಎರಡನೇ ಸಲ ಗೆದ್ದರೆ ಗಡುವು ಅಧಿಕಾರದಲ್ಲೇ ಕಳೆದುಹೋಗಬಹುದು. ಖಾಸಗಿ ವಿಷಯದ ಸಿವಿಲ್ ದಾವೆಗೆ ಮಾತ್ರ ಅಡ್ಡಿಯಿಲ್ಲ. ಅಧಿಕಾರಕ್ಕೆ ಮೊದಲಿನ ವಿಷಯಕ್ಕೆ ದಾವೆ ನಡೆಯಬಹುದೆಂದು 1997ರಲ್ಲಿ ಕ್ಲಿಂಟನ್ ಪ್ರಕರಣದಲ್ಲೇ ತೀರ್ಮಾನವಾಯಿತು.

ಕ್ಷಮಾದಾನದ ಅಧಿಕಾರ ಮಹಾಭಿಯೋಗಕ್ಕೆ ಅನ್ವಯಿಸುವುದಿಲ್ಲ ಎಂಬುದೂ ತಕ್ಕಡಿಗೆ ಹಾಕಬೇಕಾದ ತೂಕ. 25ನೇ ತಿದ್ದುಪಡಿಯನ್ನು ಇದರೊಳಗೆ ಎಳೆಯಬೇಡಿ. ಅದು ಕರ್ತವ್ಯ ನಿರ್ವಹಿಸಲಾಗದ ಸ್ಥಿತಿಗೆ ಇರುವುದು, ಅಪರಾಧಕ್ಕಲ್ಲ. ಖಂಡನಾ ನಿರ್ಣಯ ಅಗ್ಗದ ಔಷಧ: 1834ರಲ್ಲಿ ಸೆನೆಟ್ ಆಂಡ್ರೂ ಜಾಕ್ಸನ್‌ರನ್ನು ಖಂಡಿಸಿತು, 1837ರಲ್ಲಿ ಅವರ ಬೆಂಬಲಿಗರಿಗೆ ಬಹುಮತ ಬಂದಾಗ ದಾಖಲೆಯಿಂದಲೇ ಅಳಿಸಿತು.

ಸಾಕ್ಷ್ಯ ಮತ್ತು ಗಡಿಯಾರ

ಎಷ್ಟು ಸಾಕ್ಷ್ಯ ಇದ್ದರೆ ಸಾಕು ಎಂಬುದಕ್ಕೆ ಲಿಖಿತ ಅಳತೆ ಇಲ್ಲ. ಸೆನೆಟರುಗಳು ತಂತಮ್ಮ ಅಳತೆಗೋಲು ಹಿಡಿಯುತ್ತಾರೆ. ಒಳ್ಳೆಯ ರೂಢಿ ಎಂದರೆ ಅಧ್ಯಕ್ಷರ ಸ್ವಂತ ಮಾತು, ಸಹಿ, ಆದೇಶ ಇವುಗಳಲ್ಲಿ ಒಂದಾದರೂ ಕೈಯಲ್ಲಿರಬೇಕು. ‘ಅವರಿಗೆ ಗೊತ್ತಿದ್ದಿರಲೇಬೇಕು’ ಎಂಬ ಊಹೆ ಸೆನೆಟ್‌ನಲ್ಲಿ ನಡೆಯುವುದಿಲ್ಲ. ನಿಕ್ಸನ್ ಬಿದ್ದದ್ದು ತಮ್ಮ ಕಚೇರಿಯ ಮಾತುಕತೆಗಳನ್ನು ತಾವೇ ಮಾಡಿಸಿಟ್ಟ ಧ್ವನಿಮುದ್ರಣದಿಂದ. 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ 8–0ರಿಂದ ಟೇಪು ಒಪ್ಪಿಸಿ ಎಂದಿತು, ಆಗಸ್ಟ್ 5ರಂದು ಅದರ ಬರಹ ಹೊರಬಂತು, ಆಗಸ್ಟ್ 9ಕ್ಕೆ ಅವರು ಹೊರಟರು.

ಆದರೆ ಕೋರ್ಟಿನ ಮೂಲಕ ಸಾಕ್ಷ್ಯ ತರಿಸುವುದು ನಿಧಾನ. ಶ್ವೇತಭವನದ ಮಾಜಿ ವಕೀಲ ಡಾನ್ ಮೆಗಾನ್‌ಗೆ 2019ರ ಏಪ್ರಿಲ್‌ನಲ್ಲಿ ಹೌಸ್ ಸಮಿತಿ ಸಮನ್ಸ್ ಕೊಟ್ಟಿತು. ಅವರು ಹೇಳಿಕೆ ಕೊಟ್ಟದ್ದು 2021ರ ಜೂನ್‌ನಲ್ಲಿ. ಈ ವಿಳಂಬಕ್ಕೆ ಹೆದರಿಯೇ 2019ರ ಉಕ್ರೇನ್ ತನಿಖೆಯನ್ನು (ಟ್ರಂಪ್ ಆ ದೇಶಕ್ಕೆ ನೆರವು ತಡೆಹಿಡಿದು ರಾಜಕೀಯ ಲಾಭ ಕೇಳಿದರೆಂಬ ಆರೋಪ) ಸೆಪ್ಟೆಂಬರ್ 24ರಂದು ಘೋಷಿಸಿ ಡಿಸೆಂಬರ್ 18ರಂದು ಮತಕ್ಕೆ ಹಾಕಿದರು. ಉಳಿದ ಸಾಕ್ಷಿಗಳನ್ನು ಸೆನೆಟ್ ಕರೆಸಬಹುದು ಎಂಬ ಆಸೆ ಇತ್ತು. 51–49ರಿಂದ ಸೆನೆಟ್ ಅದನ್ನು ತಳ್ಳಿಹಾಕಿತು. ಹೌಸ್‌ನಲ್ಲಿ ಕೇಳಿಸದ ಸಾಕ್ಷಿ ಸೆನೆಟ್‌ನಲ್ಲಿ ಸಿಗುತ್ತಾನೆಂದು ನಂಬಿ ಹೊರಡಬಾರದು.

ಆರೋಪ ಬರೆಯುವಾಗ ಒಂದು ಕಲಮಿಗೆ ಒಂದೇ ಕೃತ್ಯ ಇರಲಿ. ಕಲಮನ್ನು ತುಂಡು ಮಾಡಿ ಮತ ಹಾಕುವಂತಿಲ್ಲ ಎಂಬುದು ಸೆನೆಟ್‌ನ ನಿಯಮ. ಕ್ಲಿಂಟನ್ ಮೇಲಿನ ಸುಳ್ಳು ಪ್ರಮಾಣದ ಕಲಮಿನಲ್ಲಿ ನಾಲ್ಕು ಬಗೆಯ ಹೇಳಿಕೆಗಳನ್ನು ಒಟ್ಟಿಗೆ ಕಟ್ಟಿದ್ದರು. ಯಾವುದು ಸುಳ್ಳೆಂದು ಎಷ್ಟು ಜನ ಒಪ್ಪಿದರು ಎಂಬುದೇ ತಿಳಿಯುವುದಿಲ್ಲ ಎಂದು ಅವರ ವಕೀಲರು ಹಿಡಿದರು. ಅದು ಸರಿಯಾದ ಆಕ್ಷೇಪವೇ.

ತಲೆ ಎಣಿಸಿ

ಎಲ್ಲರೂ ಹಾಜರಿದ್ದರೆ ಹೌಸ್‌ನಲ್ಲಿ 218, ಸೆನೆಟ್‌ನಲ್ಲಿ 67. ಮೊದಲನೆಯದು ಒಂದೇ ಪಕ್ಷದಿಂದ ಸಾಧ್ಯ, ಎರಡನೆಯದು ಈ ಕಾಲದಲ್ಲಿ ಎದುರು ಪಕ್ಷ ಒಡೆಯದೆ ಸಾಧ್ಯವಿಲ್ಲ. 1999ರ ಫೆಬ್ರವರಿ 12ರಂದು ಕ್ಲಿಂಟನ್ ವಿರುದ್ಧ 45–55 ಮತ್ತು 50–50; 55 ಜನ ರಿಪಬ್ಲಿಕನ್ನರಿಗೆ ಇನ್ನೂ 12 ಡೆಮಾಕ್ರಾಟರು ಬೇಕಿತ್ತು, ಒಬ್ಬರೂ ಬರಲಿಲ್ಲ. 2020ರಲ್ಲಿ ಟ್ರಂಪ್ ವಿರುದ್ಧ 48–52 ಮತ್ತು 47–53; ಅಧ್ಯಕ್ಷರ ಪಕ್ಷದಿಂದ ದಾಟಿ ಬಂದವರು ಮಿಟ್ ರಾಮ್ನಿ ಒಬ್ಬರೇ, ಅದೂ ಒಂದೇ ಕಲಮಿಗೆ. 2021ರಲ್ಲಿ 57–43, ಏಳು ರಿಪಬ್ಲಿಕನ್ನರು ಸೇರಿದರೂ ಹತ್ತು ಕಡಿಮೆ.

ಗೆಲ್ಲುವುದಿಲ್ಲ ಎಂದು ಗೊತ್ತಿದ್ದರೂ ಹೊರಿಸಬೇಕೇ? ನಮ್ಮ ಅಭಿಪ್ರಾಯ: ಆರೋಪ ಮೊದಲ ಎರಡು ಗುಡ್ಡೆಗಳದ್ದಾಗಿದ್ದು, ಸುಮ್ಮನಿದ್ದರೆ ಮುಂದಿನವರಿಗೆ ಅದೇ ಪರವಾನಗಿ ಆಗುವಂತಿದ್ದರೆ ಹೊರಿಸಬಹುದು. ಖಾಸಗಿ ಅಪರಾಧಕ್ಕೆ ಸೋಲುವ ಮಹಾಭಿಯೋಗ ಹೂಡುವುದರಿಂದ ನಷ್ಟವೇ ಹೆಚ್ಚು, ಏಕೆಂದರೆ ಸೆನೆಟ್ ಬಿಟ್ಟ ಮರುದಿನವೇ ಅಧ್ಯಕ್ಷರು ‘ನಿರ್ದೋಷಿ ಎಂದು ಸಾಬೀತಾಯಿತು’ ಎಂದು ಸಾರುತ್ತಾರೆ. ಈ ಉತ್ತರಕ್ಕೆ ಬರುವ ಮೊದಲು ಒಂದು ಕೆಲಸ ಮಾಡಿ. ಕಾಗದದ ಮೇಲೆ ಅಧ್ಯಕ್ಷರ ಹೆಸರು ಹೊಡೆದುಹಾಕಿ ನಿಮಗೆ ಪ್ರಿಯವಾದ ಪಕ್ಷದವರ ಹೆಸರು ಬರೆದು ಮತ್ತೊಮ್ಮೆ ಓದಿ. ಉತ್ತರ ಬದಲಾದರೆ ಮೊದಲ ಹಂತಕ್ಕೆ ವಾಪಸ್ಸು ಹೋಗಬೇಕು.

ಭಾರತದ 61ನೇ ವಿಧಿಯ ಲೆಕ್ಕವನ್ನು ಇದರ ಜೊತೆ ಬೆರೆಸಬೇಡಿ. ನಮ್ಮಲ್ಲಿ ಕಾರಣ ಒಂದೇ, ಸಂವಿಧಾನದ ಉಲ್ಲಂಘನೆ. ಸದನದ ನಾಲ್ಕನೇ ಒಂದರಷ್ಟು ಸದಸ್ಯರ ಸಹಿ, 14 ದಿನದ ನೋಟಿಸು, ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಮೂರನೇ ಎರಡು. ಯಾವ ರಾಷ್ಟ್ರಪತಿಯ ಮೇಲೂ ಅದು ಪ್ರಯೋಗವಾಗಿಲ್ಲ. ರಾಜೀನಾಮೆಯ ವಿಷಯದಲ್ಲಿಯೂ ಎರಡು ದೇಶಗಳ ರೂಢಿ ಬೇರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ವಿರುದ್ಧ 2009ರಲ್ಲಿ ರಾಜ್ಯಸಭೆಯಲ್ಲಿ ಪದಚ್ಯುತಿ ನೋಟಿಸು ಬಂತು. ಅವರು 2011ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ವಿಚಾರಣೆ ಅಲ್ಲಿಗೇ ನಿಂತಿತು. ಅಮೆರಿಕದಲ್ಲಿ 1876ರಲ್ಲಿ ಯುದ್ಧ ಕಾರ್ಯದರ್ಶಿ ವಿಲಿಯಂ ಬೆಲ್ಕ್‌ನ್ಯಾಪ್ ಹೌಸ್ ಮತದ ಕೆಲವೇ ಹೊತ್ತಿನ ಮುಂಚೆ ರಾಜೀನಾಮೆ ಕೊಟ್ಟರು. ಸೆನೆಟ್ ಆದರೂ ವಿಚಾರಣೆ ನಡೆಸಿತು. ಕೈಬಿಟ್ಟು ಹೋದವರ ಮೇಲೆ ಅಧಿಕಾರವಿಲ್ಲ ಎಂದು ನಂಬಿದ ಸೆನೆಟರುಗಳಿಂದಾಗಿ ಮೂರನೇ ಎರಡು ಸಿಗಲಿಲ್ಲ. 2021ರಲ್ಲಿ ಟ್ರಂಪ್ ಅವಧಿ ಮುಗಿದ ಮೇಲೆ ನಡೆದ ವಿಚಾರಣೆಯಲ್ಲೂ ಹಲವರು ಇದೇ ನೆಪ ಹಿಡಿದರು. ಅವಧಿಯ ಕೊನೆಯ ವಾರಗಳಲ್ಲಿ ಹೊರಿಸುವುದಾದರೆ ಈ ಆಕ್ಷೇಪಕ್ಕೆ ಉತ್ತರ ಮೊದಲೇ ಸಿದ್ಧವಿರಬೇಕು.

ಕೊನೆಗೆ ಅನರ್ಹತೆ. ದೋಷಿ ಎಂದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ಬೇರೆಯೇ ಮತ ಹಾಕಬೇಕು, ಅದಕ್ಕೆ ಸರಳ ಬಹುಮತ ಸಾಕು. ಮರೆತರೆ ಏನಾಗುತ್ತದೆ ಎಂಬುದಕ್ಕೆ ಫ್ಲಾರಿಡಾದ ನ್ಯಾಯಾಧೀಶ ಆಲ್ಸಿ ಹೇಸ್ಟಿಂಗ್ಸ್ ಉದಾಹರಣೆ. ಲಂಚದ ಆರೋಪದಿಂದ 1983ರಲ್ಲಿ ಕೋರ್ಟ್ ಅವರನ್ನು ಬಿಟ್ಟಿತ್ತು, 1989ರಲ್ಲಿ ಸೆನೆಟ್ ದೋಷಿ ಎಂದು ಇಳಿಸಿತು, ಅನರ್ಹತೆಗೆ ಮತ ಹಾಕಲಿಲ್ಲ. 1992ರಲ್ಲಿ ಅವರು ಚುನಾವಣೆಗೆ ನಿಂತು, ತಮ್ಮ ಮೇಲೆ ಆರೋಪ ಹೊರಿಸಿದ್ದ ಅದೇ ಹೌಸ್‌ಗೆ ಆರಿಸಿ ಬಂದರು. 1998 ಮತ್ತು 2019ರ ಮಹಾಭಿಯೋಗಗಳ ಹೊತ್ತಿಗೂ ಅಲ್ಲಿಯೇ ಸದಸ್ಯರಾಗಿದ್ದರು.